ಇಪ್ಪತ್ತೇಳನೇ ನಂಬ್ರ

ನಮ್ಮ ಪುತ್ತೂರಿನಲ್ಲಿ ಒಬ್ಬ ಹೆಸರಾದ ಡಾಕ್ಟರರಿಗೆ ತೋರಿಸಬೇಕಾದರೆ ಕಾಯಿಲೆ ಒಂದಿದ್ದರೆ ಸಾಲದು, ಬೆಳಿಗ್ಗೆ ಬೇಗ ಏಳುವ ಅಭ್ಯಾಸವೂ ಇರಬೇಕು. ಆರೂವರೆಗೆ ಕ್ಲಿನಿಕ್ಕಿನ ಶಟರು ಅರ್ಧ ಮೇಲೇಳುತ್ತದೆ. ಒಳಗೆ ಮೇಜಿನ ಮೇಲೆ ಉದ್ದದ ಒಂದು ಬುಕ್ಕು, ಅದಕ್ಕೆ ನೂಲಿನಲ್ಲಿ ಕಟ್ಟಿದ ಪೆನ್ನು. ಹೆಸರು ಬರೆಸಿ ನಂಬ್ರ ತೆಗೆದುಕೊಂಡು ಮನೆಗೆ ಹೋಗಿ, ದೋಸೆ ಹೊಯ್ದು, ಮನೆಯವರಿಗೆ ಚಾ ಕೊಟ್ಟು, ಬಟ್ಟೆ ನೆನೆಹಾಕಿ, ಹತ್ತು ಗಂಟೆಗೆ ಪುನಃ ಬಂದು ಕೂತರೆ ಆಗ ಐದನೇ ನಂಬ್ರ ನಡೆಯುತ್ತಿರುತ್ತದೆ. ನಮ್ಮದು ಇಪ್ಪತ್ತೇಳು. ಮಂಗಳೂರಿನಿಂದ ವಾರಕ್ಕೊಮ್ಮೆ ಬಂದುಹೋಗುವ ದೊಡ್ಡ ಡಾಕ್ಟರುಗಳಾದರೆ ಇನ್ನೂ ಕಷ್ಟ. ಅವರ ಕಾರು ಮಾಣಿ ದಾಟಿತಂತೆ, ಕಬಕಕ್ಕೆ ಬಂತಂತೆ ಎಂದು ಜಾತ್ರೆಯ ತೇರು ನೋಡುವವರ ಹಾಗೆ ಕಾಯಬೇಕು.

ಕಾಯುವ ಬೆಂಚಿನಲ್ಲಿ ಕೂತು ಕೂತು ನಾನು ಒಂದು ಶಾಸ್ತ್ರವನ್ನೇ ಕಲಿತಿದ್ದೇನೆ. ನಂಬ್ರದವರನ್ನು ಹಿಂದೆ ಹಾಕಿ ಒಳಗೆ ಹೋಗುವವರು ಕೆಲವರು ಉಂಟು. ಔಷಧ ಕಂಪೆನಿಯ ಬ್ಯಾಗಿನ ಹುಡುಗರು. ಡಾಕ್ಟರರ ತೋಟದ ಪಕ್ಕದ ತೋಟದವರು. 'ಒಂದು ರಿಪೋರ್ಟು ತೋರಿಸಲಿಕ್ಕೆ ಮಾತ್ರ' ಎಂದು ಹೇಳಿ ಅರ್ಧ ಗಂಟೆ ಒಳಗೇ ಉಳಿಯುವವರು. ಇವರ ಮೇಲೆ ಬೆಂಚಿನವರಿಗೆ ಸಿಟ್ಟು. ಆದರೆ ಜ್ವರದಲ್ಲಿ ನಡುಗುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಬ್ಬ ತಾಯಿ ಬಂದಳೆಂದರೆ ಯಾರೂ ಕೇಳುವ ಮೊದಲೇ ಇಡೀ ಬೆಂಚು 'ಹೋಗಿ ಹೋಗಿ, ನೀವು ಹೋಗಿ' ಎನ್ನುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಊರಿನವರು ಒಳ್ಳೆಯವರು.

ಇಂಥ ಬೆಂಚಿನ ಸಂಸಾರಕ್ಕೆ 2022ರ ಜೂನಿನಲ್ಲಿ ಒಂದು ಕಾರ್ಡು ಬಂತು.

ಕೊರೋನಾ ಕಾಲದಲ್ಲಿ ಎಲ್ಲರಿಗೂ ಆದ ಹೆದರಿಕೆ ನಮ್ಮ ಮನೆಯವರಿಗೂ ಆಗಿತ್ತು. ಅವರ ಕ್ಲಾಸ್‌ಮೇಟ್ ಒಬ್ಬರು ವಿಮೆಯ ಏಜೆಂಟರು. ಚಾವಡಿಯಲ್ಲಿ ಕೂತು ಎರಡು ಸಲ ಚಾ ಕುಡಿದು, ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ವರ್ಷಕ್ಕೆ 5 ಲಕ್ಷದ ವಿಮೆ ಮಾಡಿಸಿದರು. ಕಂತು 31,000 ಚಿಲ್ಲರೆ. ಆಗ ಅದರಲ್ಲಿ ನೂರಕ್ಕೆ ಹದಿನೆಂಟು ತೆರಿಗೆಯೂ ಇತ್ತು. ಆ ತೆರಿಗೆ ತೆಗೆದುಹಾಕಿದ್ದು 2025ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಹೇಳಿದ, "ಒಳ್ಳೇದಾಯ್ತಮ್ಮ. ಇನ್ನು ನೀನು ಆ ಬೆಂಚಿನಲ್ಲಿ ಕಾಯಬೇಕಾಗಿಲ್ಲ, ಕಾರ್ಡು ತೋರಿಸಿದರೆ ಆಯಿತು."

ಅವನಿಗೆ ಅವನ ಕಂಪೆನಿಯ ಕಾರ್ಡಿನ ಅನುಭವ. ಮೊಬೈಲಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಯಾರೋ ಡಾಕ್ಟರು ಪರದೆಯ ಮೇಲೆ ಬಂದು ನಾಲಗೆ ತೋರಿಸಿ ಎನ್ನುತ್ತಾರಂತೆ. ಅಕ್ಕನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳು ಹೇಳುವುದೂ ಹಾಗೆಯೇ. ಅಲ್ಲಿ 1948ರಿಂದ ಸರಕಾರವೇ ಎಲ್ಲರಿಗೂ ಮದ್ದು ಮಾಡುತ್ತದೆ, ದುಡ್ಡಿಲ್ಲ. ಆದರೆ ಮಂಡಿಯ ಆಪರೇಶನ್ನಿಗೆ, ಹರ್ನಿಯಾಕ್ಕೆ ಸರದಿ. ಡಾಕ್ಟರು ಚೀಟಿ ಬರೆದ ಮೇಲೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂದು ನಿಯಮವೇ ಇದ್ದರೂ ಲಕ್ಷಗಟ್ಟಲೆ ಜನರಿಗೆ ಆ ವಾಯಿದೆ ತಪ್ಪುತ್ತದಂತೆ. ಖಾಸಗಿ ವಿಮೆ ಇದ್ದವರು ಆ ಸರದಿ ಬಿಟ್ಟು ಖಾಸಗಿ ತಜ್ಞರ ಬಾಗಿಲಿಗೆ ಬೇಗ ಹೋಗಬಹುದು. ಹಾಗಾಗಿ ಅವಳೂ ಸೇರಿ ನಮಗೆಲ್ಲ ಒಂದು ನಂಬಿಕೆ: ವಿಮೆ ಎಂದರೆ ಬೇಗ.

ಆ ವರ್ಷದ ಆಟಿ ತಿಂಗಳಲ್ಲಿ ಇವರಿಗೆ ಸೊಂಟ ಹಿಡಿಯಿತು. ಕ್ಲಿನಿಕ್ಕಿಗೆ ಹೋದೆವು. ಇವರು ಅಂಗಿಯ ಜೇಬಿನಿಂದ ಕಾರ್ಡು ತೆಗೆದು, ಬಸ್ಸಿನಲ್ಲಿ ಪಾಸು ತೋರಿಸುವ ಹಾಗೆ ಬುಕ್ಕಿನ ಹುಡುಗಿಯ ಎದುರು ಹಿಡಿದರು. ಅವಳು ಅದನ್ನು ಆಚೆ ಈಚೆ ತಿರುಗಿಸಿ ನೋಡಿ ಮೆಲ್ಲಗೆ ವಾಪಸು ಕೊಟ್ಟಳು.

"ಇದು ಮಲಗುವವರಿಗೆ ಅಣ್ಣಾ, ಕೂತುಕೊಳ್ಳುವವರಿಗೆ ಅಲ್ಲ. ನಿಮ್ಮದು ಇಪ್ಪತ್ತೇಳು."

ಬೆಂಚಿನವರೆಲ್ಲ ನಕ್ಕರು, ಇವರೂ ನಕ್ಕರು. ಆದರೆ ಆ ಹುಡುಗಿ ಒಂದು ಮಾತಿನಲ್ಲಿ ಹೇಳಿದಷ್ಟು ಸರಿಯಾಗಿ ನಮ್ಮ ಏಜೆಂಟರು ಎರಡು ಚಾ ಕುಡಿದೂ ಹೇಳಿರಲಿಲ್ಲ. ನಮ್ಮಲ್ಲಿ ಆರೋಗ್ಯವಿಮೆ ಎಂದರೆ ಹೆಚ್ಚಾಗಿ ಆಸ್ಪತ್ರೆಯಲ್ಲಿ 24 ಗಂಟೆಯಾದರೂ ಮಲಗಿದವರ ಖರ್ಚಿಗೆ. ಕಣ್ಣಿನ ಪೊರೆಯಂಥ ಕೆಲವಕ್ಕೆ ಮಾತ್ರ ಒಂದು ಹಗಲು ಸಾಕು. ಮೆಡಿಕ್ಲೈಮ್ ಎಂಬ ಹೆಸರಿನಲ್ಲಿ ಅದು ಈ ದೇಶದಲ್ಲಿ ಶುರುವಾದದ್ದು 1986ರಲ್ಲಿ. ನಮ್ಮೂರಿನಲ್ಲಿ ಕ್ಯಾಂಪ್ಕೋದವರ ಚಾಕೊಲೇಟ್ ಕಾರ್ಖಾನೆ ಶುರುವಾದ ವರ್ಷವೇ. ಆಗ ಮೊದಲು ಕೈಯಿಂದ ಕೊಟ್ಟು, ಬಿಲ್ಲುಗಳನ್ನೆಲ್ಲ ಪಿನ್ನು ಹಾಕಿ ಕಳಿಸಿ ಕಾಯಬೇಕಿತ್ತು. ನಗದು ಕೊಡದೆ ಕಾರ್ಡಿನಲ್ಲೇ ಮುಗಿಸುವ ಕ್ರಮ ಬಂದದ್ದು ಈಚೆಗೆ, ಈ ಶತಮಾನದಲ್ಲಿ. ಡಾಕ್ಟರರ ಫೀಸು, ಸ್ಕ್ಯಾನು, ಅಂಗಡಿಯ ಮಾತ್ರೆ ಇವೆಲ್ಲ ಸಾಮಾನ್ಯವಾಗಿ ನಮ್ಮ ಕೈಯಿಂದಲೇ. ಹೆಚ್ಚು ಕಂತು ಕಟ್ಟಿದರೆ ಫೀಸನ್ನೂ ಕೊಡುವ ವಿಮೆ ಈಗ ಉಂಟು. ಆದರೆ ಅದು ಫೀಸು ಕೊಡುತ್ತದೆಯೇ ಹೊರತು ನಂಬ್ರ ಕೊಡುವುದಿಲ್ಲ.

ಮಲಗಿದ ಮೇಲೂ ಕಾರ್ಡಿಗೆ ಅದರದ್ದೇ ಒಂದು ಸರದಿ ಇದೆ. ಆಸ್ಪತ್ರೆಯ ವಿಮೆ ಕೌಂಟರಿನವರು ಕಾಗದ ಕಳಿಸಬೇಕು, ಎಲ್ಲೋ ಕೂತವರು ಒಪ್ಪಬೇಕು. ನಮ್ಮ ನೆರೆಮನೆಯವರನ್ನು ಬೆಳಿಗ್ಗೆ ಒಂಬತ್ತಕ್ಕೆ 'ಮನೆಗೆ ಹೋಗಬಹುದು' ಎಂದು ಹೇಳಿದ ಡಾಕ್ಟರು ಸಂಜೆಯ ರೌಂಡಿಗೆ ಬಂದಾಗಲೂ ಅವರು ಪ್ಯಾಂಟು ಹಾಕಿಕೊಂಡು ಅದೇ ಮಂಚದ ಮೇಲೆ ಕೂತಿದ್ದರಂತೆ. ಇಂಥ ದೂರುಗಳು ಹೆಚ್ಚಿದ್ದಕ್ಕೇ ಇರಬೇಕು, ಸೇರುವಾಗ 1 ಗಂಟೆಯೊಳಗೆ, ಬಿಡುವಾಗ 3 ಗಂಟೆಯೊಳಗೆ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಕಂಪೆನಿಗಳಿಗೆ ಆಜ್ಞೆ ಮಾಡಿತು.

ಇನ್ನು ಕಾರ್ಡುಗಳಲ್ಲಿಯೂ ಜಾತಿ ಬೇರೆ ಬೇರೆ. ನನ್ನ ತವರು ಸುಳ್ಯದ ಕಡೆ. ಅಣ್ಣ ಅತ್ತಿಗೆಯರದ್ದು ನಮ್ಮ ಹಾಗೆಯೇ ಖಾಸಗಿ ವಿಮೆ. ತಂಗಿಯನ್ನು ಕೊಟ್ಟದ್ದು ಕಡಬಕ್ಕೆ. ಕೊಟ್ಟಾಗ ಕಡಬ ನಮ್ಮ ಪುತ್ತೂರು ತಾಲೂಕಿನಲ್ಲೇ ಇತ್ತು, ಈಗ ಅದೇ ಒಂದು ತಾಲೂಕು. ಅವಳ ಮನೆಯಲ್ಲಿ ಸೊಸೈಟಿಯ ಮೂಲಕ ಮಾಡಿಸಿದ ಯಶಸ್ವಿನಿ. ಮೊಳಹಳ್ಳಿ ಶಿವರಾಯರು 1909ರಲ್ಲೇ ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದವರಲ್ಲವೇ, ನಮ್ಮ ಸೀಮೆಯಲ್ಲಿ ಗೊಬ್ಬರದಿಂದ ಹಿಡಿದು ಗರ್ಭಕೋಶದವರೆಗೆ ಎಲ್ಲದಕ್ಕೂ ಸೊಸೈಟಿಯೇ ದಾರಿ. ಯಶಸ್ವಿನಿ 2003ರಲ್ಲಿ ಶುರುವಾದಾಗ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಅದರ ಹಿಂದೆ ಇದ್ದವರು ನಮ್ಮ ಜಿಲ್ಲೆಯ ಕಿನ್ನಿಗೋಳಿಯಲ್ಲಿ ಹುಟ್ಟಿದ ಹೃದಯತಜ್ಞ ಡಾ. ದೇವಿ ಶೆಟ್ಟಿ. 2018ರಲ್ಲಿ ಅದನ್ನು ನಿಲ್ಲಿಸಿ ಸರಕಾರದ ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. ರೈತರು ಕೇಳಿ ಕೇಳಿ 2023ರ ಜನವರಿಯಿಂದ ಪುನಃ ಬಂತು, ಹಳ್ಳಿಯ ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ 500 ರೂಪಾಯಿಯ ಹಾಗೆ. ನಮ್ಮಲ್ಲಿ ಕೆಲಸಕ್ಕೆ ಬರುವವಳಿಗೆ ರೇಶನ್ ಕಾರ್ಡಿನ ಬಲದಿಂದ ಆಯುಷ್ಮಾನ್ ಕಾರ್ಡು. ಬಿ.ಪಿ.ಎಲ್.ನವರಿಗೆ ಅದರಲ್ಲಿ ವರ್ಷಕ್ಕೆ 5 ಲಕ್ಷದವರೆಗೆ. ಎ.ಪಿ.ಎಲ್.ನವರಿಗೆ ಖರ್ಚಿನ ನೂರಕ್ಕೆ ಮೂವತ್ತು ಮಾತ್ರ, ಅದೂ ಒಂದೂವರೆ ಲಕ್ಷದೊಳಗೆ. ತುರ್ತು ಅಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದು ಎಂದಾದರೆ ಅವರು ಬರೆದುಕೊಟ್ಟ ಚೀಟಿ ಹಿಡಿದು ಖಾಸಗಿಗೆ. ಕಾರ್ಡು ಯಾವುದೇ ಇರಲಿ, ಮೊದಲನೇ ಬಾಗಿಲಿನಲ್ಲಿ ಎಲ್ಲರೂ ಬೆಂಚಿನವರೇ.

ಇಷ್ಟು ತಮಾಷೆಯಾಗಿ ಬರೆದೆನಲ್ಲ, ಇನ್ನು ಬರೆಯಬೇಕಾದದ್ದು ತಮಾಷೆಯದಲ್ಲ. ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ.

ನಮ್ಮ ಏಜೆಂಟರು ಪಾಲಿಸಿ ಪುಸ್ತಕದ ಒಂದು ಪುಟಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಕೊಟ್ಟಿದ್ದರು. ಕೆಲವು ಕಾಯಿಲೆಗಳಿಗೆ ಎರಡು ವರ್ಷ ಆಗುವವರೆಗೆ ದುಡ್ಡು ಸಿಗುವುದಿಲ್ಲ: ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಗರ್ಭಕೋಶ ತೆಗೆಯುವುದು. ಆಗ ಅದನ್ನು ಯಾರು ನೋಡುತ್ತಾರೆ? ಆದರೆ ಮರು ವರ್ಷ ಅತ್ತಿಗೆಗೆ ಗರ್ಭಕೋಶದ ಗಡ್ಡೆಯಿಂದ ತುಂಬಾ ಸ್ರಾವವಾಗಿ ಆಪರೇಶನ್ ಮಾಡಿಸಬೇಕಾಯಿತು. ಅವರ ವಿಮೆಗೆ ಎರಡು ವರ್ಷ ತುಂಬಲು ಒಂದು ತಿಂಗಳು ಬಾಕಿ. 78,000 ರೂಪಾಯಿ ಪೂರ್ತಿ ಕೈಯಿಂದ ಹೋಯಿತು. ನಮ್ಮ ಮನೆಗಳಲ್ಲಿ ಆ ಒಂದು ತಿಂಗಳಿನ ಮಾತು ಎಷ್ಟು ಸಲ ಬಂದಿತೆಂದರೆ, ಅತ್ತಿಗೆಯ ಹೊಟ್ಟೆಯ ಹೊಲಿಗೆ ಒಣಗಿದರೂ ಆ ಮಾತು ಒಣಗಲಿಲ್ಲ. "ಒಂದು ತಿಂಗಳು ತಡೆದುಕೊಂಡಿದ್ದರೆ!" ಎಂದು ಅಣ್ಣ ಹೇಳುವುದು, ಅತ್ತಿಗೆ ತಲೆ ತಗ್ಗಿಸುವುದು. ಏನೋ ಅವರೇ ತಪ್ಪು ಮಾಡಿದ ಹಾಗೆ. ನಾನೂ ಅಲ್ಲೇ ಕೂತು 'ಹೌದು, ಪಾಪ' ಎಂದಿದ್ದೇನೆ.

2024ರ ಫೆಬ್ರವರಿಯಲ್ಲಿ, ನನಗೆ ಮುಟ್ಟು ನಿಂತು ಆರು ವರ್ಷವಾದ ಮೇಲೆ, ಒಂದು ಬೆಳಿಗ್ಗೆ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು.

ಮೊದಲು ಉಷ್ಣ ಎಂದುಕೊಂಡೆ. ಎಳನೀರು ಕುಡಿದೆ, ಕೊತ್ತಂಬರಿ ನೀರು ಕುಡಿದೆ. ಎರಡು ವಾರ ಬಿಟ್ಟು ಪುನಃ ಬಂತು. ಆಗ ನಾನು ಮಾಡಿದ ಕೆಲಸ ಏನು ಗೊತ್ತುಂಟೇ? ಡಾಕ್ಟರಲ್ಲಿಗೆ ಹೋಗಲಿಲ್ಲ. ಕಪಾಟಿನಿಂದ ಪಾಲಿಸಿ ಪುಸ್ತಕ ತೆಗೆದು ತಾರೀಕು ನೋಡಿದೆ. ಜೂನ್ 18. ಬೆರಳಲ್ಲಿ ಎಣಿಸಿದೆ; ನಾಲ್ಕು ತಿಂಗಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಒಂದು ಚಿಕ್ಕ ಚುಕ್ಕೆ ಇಟ್ಟೆ. ಯಾರಾದರೂ ನೋಡಿದರೆ ಗ್ಯಾಸು ಬುಕ್ ಮಾಡುವ ದಿನ ಎಂದುಕೊಳ್ಳಬೇಕು, ಹಾಗೆ.

ನನ್ನ ಲೆಕ್ಕ ಹೀಗಿತ್ತು. ಡಾಕ್ಟರಲ್ಲಿಗೆ ಹೋದರೆ ಆಪರೇಶನ್ ಎನ್ನುತ್ತಾರೆ. ಈಗಲೇ ಹೋದರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಆ ಮೇಲೆ ಕಂಪೆನಿಯವರು 'ಮೊದಲೇ ಇತ್ತಲ್ಲ' ಎನ್ನುತ್ತಾರೆ. ಮಗ ಆಗಷ್ಟೇ ಮನೆಯ ಸಾಲ ಮಾಡಿದ್ದಾನೆ. ಹಿಂದಿನ ಮಳೆಗಾಲದಲ್ಲಿ ಕೊಳೆರೋಗ ಬಂದು ಅರ್ಧ ಅಡಿಕೆ ಉದುರಿದೆ. ಅತ್ತಿಗೆಯ ಹಾಗೆ ನನ್ನ ಹೆಸರಿನಲ್ಲಿಯೂ ಒಂದು 78,000ದ ಕಥೆ ಬೇಡ. ಬೇಗ ತೋರಿಸಲು ಎಂದು ತೆಗೆದುಕೊಂಡ ಕಾರ್ಡು, ನನ್ನನ್ನು ತೋರಿಸದೆ ಇರುವುದಕ್ಕೆ ಕಾವಲು ಕೂತಿತು.

ಮಾರ್ಚ್ ಕಳೆಯಿತು. ಏಪ್ರಿಲ್‌ನಲ್ಲಿ ಮಹಾಲಿಂಗೇಶ್ವರನ ಜಾತ್ರೆ ಬಂತು. ನೆಂಟರಿಗೆಲ್ಲ ಅಡುಗೆ ಮಾಡಿದೆ. ತೇರಿನ ರಾತ್ರಿ ಗದ್ದೆಯಲ್ಲಿ ನಿಂತಿದ್ದಾಗ ಪುನಃ ಆಯಿತು. ಸೀರೆಯ ಸೆರಗನ್ನು ಹಿಂದಿನಿಂದ ತಂದು ಸುತ್ತಿಕೊಂಡು ಸಿಡಿಮದ್ದು ಪೂರ್ತಿ ನೋಡದೆ ಮನೆಗೆ ಬಂದೆ. ಇವರು 'ಎಂತ ಬೇಗ?' ಎಂದು ಕೇಳಿದರು. ಕಾಲು ನೋವು ಎಂದೆ. ಮೂವತ್ತೈದು ವರ್ಷ ಒಟ್ಟಿಗೆ ಬದುಕಿದ ಮನುಷ್ಯನಿಗೆ ಇಂಥದನ್ನು ಹೇಳುವುದಕ್ಕೆ ನಮಗೆ ಭಾಷೆಯೇ ಇಲ್ಲ ನೋಡಿ. 'ಹೊರಗೆ' ಎನ್ನುವ ಒಂದು ಶಬ್ದ ಇತ್ತು, ಅದರ ವಯಸ್ಸೂ ಮುಗಿದಿತ್ತು.

ಮೇ ತಿಂಗಳ ಎರಡನೇ ವಾರ ತವರಿನಲ್ಲಿ ಅಣ್ಣನ ಮಗನ ಮದುವೆಯ ಮಾತುಕತೆ. ಕುಂಬ್ರ, ಕನಕಮಜಲು, ಜಾಲ್ಸೂರು ದಾಟಿ ಸುಳ್ಯ ತಲುಪುವಷ್ಟರಲ್ಲಿ ಬಸ್ಸಿನ ಕುಲುಕಾಟಕ್ಕೆ ಹೊಟ್ಟೆಯೊಳಗೆ ಏನೋ ಎಳೆದ ಹಾಗೆ ಆಗುತ್ತಿತ್ತು. ಬೆಳಿಗ್ಗೆ ನಾನು ಹಾಸಿಗೆಯ ಬಟ್ಟೆ ಮುದ್ದೆ ಮಾಡಿ ಬಚ್ಚಲಿಗೆ ಒಯ್ಯುವುದನ್ನು ಅತ್ತಿಗೆ ಕಂಡರು. ಏನೂ ಕೇಳಲಿಲ್ಲ. ಹಿಂದಿನಿಂದ ಬಂದು ಬಟ್ಟೆಯನ್ನು ನನ್ನ ಕೈಯಿಂದ ಬಿಡಿಸಿ ನೋಡಿದರು.

"ಎಷ್ಟು ದಿನದಿಂದ?"

"ಫೆಬ್ರವರಿಯಿಂದ. ಜೂನ್ ಹದಿನೆಂಟಕ್ಕೆ ಎರಡು ವರ್ಷ ಆಗ್ತದೆ ಅತ್ತಿಗೆ, ಆ ಮೇಲೆ ತೋರಿಸುವಾ ಅಂತ..."

ಅತ್ತಿಗೆ ನನ್ನನ್ನೇ ನೋಡಿದರು. ಅವರ ಮುಖ ಹಾಗೆ ಕೆಂಪಾದದ್ದನ್ನು ನಾನು ಯಾವತ್ತೂ ಕಂಡಿಲ್ಲ. "ಅದು ನನ್ನ ಕಥೆಯಿಂದ ಕಲಿತದ್ದಾ ಮಾರಾಯ್ತಿ? ಒಂದು ತಿಂಗಳು, ಒಂದು ತಿಂಗಳು ಅಂತ ಅವರು ಹೇಳಿ ಹೇಳಿ... ಹೊರಡು. ಈಗಲೇ ಹೊರಡು."

ಸುಳ್ಯದ ಆ ಆಸ್ಪತ್ರೆಗೆ ಹೋದಾಗ ಹತ್ತು ಗಂಟೆ ದಾಟಿತ್ತು. ಹೆಂಗಸರ ಡಾಕ್ಟರರ ಬಾಗಿಲಲ್ಲಿ ಇಪ್ಪತ್ತೈದು ಮೂವತ್ತು ಜನ. ಬಸುರಿಯರು, ಬಾಣಂತಿಯರು, ಅವರ ಅತ್ತೆಯರು. ನಂಬ್ರ ತೆಗೆದಿಲ್ಲ. ನಾನು ಕೈಚೀಲದಿಂದ ಕಾರ್ಡು ತೆಗೆಯಲು ಹೊರಟೆ, ಅಭ್ಯಾಸ ನೋಡಿ. ಅತ್ತಿಗೆ ನನ್ನ ಕೈ ಅಲ್ಲಿಗೇ ಒತ್ತಿ ಹಿಡಿದರು. ಮೇಜಿನ ಹಿಂದೆ ಕೂತಿದ್ದ ನರ್ಸಮ್ಮ ಎಂತ ತೊಂದರೆ ಎಂದು ಕೇಳಿದರು. ನಾನು ಬಾಗಿ ಕಿವಿಯಲ್ಲಿ ಹೇಳಬೇಕೆಂದಿದ್ದೆ. ಅತ್ತಿಗೆ ನಿಂತಲ್ಲಿಂದಲೇ, ಅಂಗಳದಲ್ಲಿ ಅಡಿಕೆ ಹರಗುವ ಆಳುಗಳನ್ನು ಕರೆಯುವ ಸ್ವರದಲ್ಲಿ ಹೇಳಿದರು: "ಇವಳಿಗೆ ಮುಟ್ಟು ನಿಂತು ಆರು ವರ್ಷ ಆಯ್ತು. ಮೂರು ತಿಂಗಳಿಂದ ರಕ್ತ ಹೋಗ್ತಾ ಉಂಟು."

ಬೆಂಚು ನಿಶ್ಶಬ್ದವಾಯಿತು. ನನಗೆ ಭೂಮಿ ಬಾಯಿ ಬಿಡಲಿ ಎನಿಸಿತು. ಆದರೆ ನರ್ಸಮ್ಮ ಪೆನ್ನು ಕೆಳಗಿಟ್ಟು ಎದ್ದು ಒಳಗೆ ಹೋದರು. ಒಂದು ನಿಮಿಷದಲ್ಲಿ ಬಾಗಿಲು ತೆಗೆದು "ಬನ್ನಿ ಅಮ್ಮ" ಎಂದರು. ಬೆಂಚಿನ ಕಡೆಯಿಂದ ಒಬ್ಬ ಹೆಂಗಸು, ಯಾರದೋ ಅತ್ತೆ, "ಹೋಗಿ, ನೀವು ಹೋಗಿ" ಎಂದರು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಆ ದಿನವೇ ಸ್ಕ್ಯಾನು ಮಾಡಿಸಿದರು. ಮುಟ್ಟು ನಿಂತವರಲ್ಲಿ ಗರ್ಭಕೋಶದ ಒಳಪದರ 4 ಮಿಲಿಮೀಟರಿಗಿಂತ ತೆಳ್ಳಗೆ ಇರಬೇಕಂತೆ, ನನ್ನದು 14. ಇಂಥ ರಕ್ತ ಕಂಡ ಹತ್ತು ಹೆಂಗಸರಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ, ಪದರ ತೆಳುವಾದದ್ದೋ ಸಣ್ಣ ಮಾಂಸದ ಕುಡಿಯೋ ಏನೋ ಇರುತ್ತದೆ. ಆದರೆ ಆ ಹತ್ತನೆಯವಳು ಯಾರು ಎಂಬುದು ನೋಡದೆ ಗೊತ್ತಾಗುವುದಿಲ್ಲ ಎಂದು ಸಮಾಧಾನದಲ್ಲಿ ಹೇಳಿದರು. "ಇಷ್ಟು ದಿನ ಯಾಕೆ ಬರಲಿಲ್ಲ?" ಎಂದು ಕೇಳಿದರು. ಪುರುಸೊತ್ತು ಆಗಲಿಲ್ಲ ಎಂದೆ.

ಆ ದಿನದ ಖರ್ಚು ಕೇಳಬೇಕೇ? ಡಾಕ್ಟರರಿಗೆ 300, ಸ್ಕ್ಯಾನಿಗೆ 1,200. ಮೂರು ತಿಂಗಳು ನಾನು ಯಾವ ಕಾರ್ಡನ್ನು ಕಾದೆನೋ ಆ ಕಾರ್ಡು ಈ 1,500 ರೂಪಾಯಿಯನ್ನು ಜೂನ್ 18ರ ನಂತರವೂ ಹೀಗೆ ಬಂದುಹೋಗುವವರಿಗೆ ಕೊಡುತ್ತಿರಲಿಲ್ಲ. ಒಂದು ಮದುವೆಗೆ ನಾನು ಕೊಡುವ ಸೀರೆ ಇದಕ್ಕಿಂತ ಹೆಚ್ಚಿನದು. ಆಪರೇಶನ್ ಬೇರೆ, ತೋರಿಸುವುದು ಬೇರೆ ಎಂಬ ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲೇ ಇಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೆ.

ಇವರಿಗೆ ಅತ್ತಿಗೆಯೇ ಫೋನು ಮಾಡಿ ಹೇಳಿದರು. ಮಂಗಳೂರಿನಲ್ಲಿ ಒಳಪದರದ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂತು, ಕ್ಯಾನ್ಸರ್ ಎಂದಿಲ್ಲ, ಆದರೆ ಅದಕ್ಕೆ ಹಿಂದಿನ ಮೆಟ್ಟಿಲು. ಗರ್ಭಕೋಶ ತೆಗೆಯುವುದೇ ಸರಿ, ಜೂನ್ 6ಕ್ಕೆ ಮಾಡಬಹುದು ಎಂದರು. ಇವರು ಹೊರಗೆ ಹೋಗಿ ಏಜೆಂಟರಿಗೆ ಫೋನು ಮಾಡಿದ್ದನ್ನು ನಾನು ಕಿಟಕಿಯಿಂದ ಕಂಡೆ. ಏಜೆಂಟರು ಕೆಟ್ಟವರಲ್ಲ, ಹನ್ನೆರಡು ದಿನ ಮುಂದೆ ಹಾಕಲು ಆಗುತ್ತದೋ ಕೇಳಿ ನೋಡಿ ಎಂದರಂತೆ. ಇವರು ಒಳಗೆ ಬಂದು ಡಾಕ್ಟರರ ಎದುರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ನಾನು ನೆಲ ನೋಡುತ್ತಿದ್ದೆ. ಆ ಮೇಲೆ ಇವರು ಹೇಳಿದ್ದು ಇಷ್ಟೇ: "ಆರಕ್ಕೇ ಬರೆಯಿರಿ."

ಒಳ್ಳೆಯ ಕ್ರಯ ಬರಲಿ ಎಂದು ಅಟ್ಟದಲ್ಲಿ ಇಟ್ಟಿದ್ದ ಹಳೆ ಅಡಿಕೆ ಆ ವಾರವೇ ಹೋಯಿತು. ಒಟ್ಟು ಖರ್ಚು 1,12,000.

ತೆಗೆದ ಗರ್ಭಕೋಶವನ್ನು ಪೂರ್ತಿ ಪರೀಕ್ಷೆ ಮಾಡಿದಾಗ ಒಳಪದರದಲ್ಲಿ ಒಂದು ಕಡೆ ಸಣ್ಣದಾಗಿ ಕ್ಯಾನ್ಸರ್ ಶುರುವಾಗಿತ್ತು. ಮೊದಲನೇ ಹಂತ, ಆಪರೇಶನ್ನಿನಲ್ಲೇ ಮುಗಿಯಿತು, ಇನ್ನು ತಪ್ಪದೆ ತೋರಿಸುತ್ತಾ ಇದ್ದರೆ ಸಾಕು ಎಂದರು. ಆ ಮೂರು ತಿಂಗಳಲ್ಲಿ ಅದು ಶುರುವಾದದ್ದೋ, ಮೊದಲೇ ಇದ್ದದ್ದೋ ಎಂದು ಕೇಳಿದೆ. ಹಾಗೆ ಹೇಳಲಾಗುವುದಿಲ್ಲ ಎಂದರು. ನನ್ನ ಮುಖ ನೋಡಿ ಹಾಗೆ ಹೇಳಿದರೋ, ನಿಜವಾಗಿ ಹೇಳಲಾಗದೋ, ಅದನ್ನು ಕೇಳುವ ಧೈರ್ಯ ಬರಲಿಲ್ಲ.

ಈಗ ಕಾರ್ಡಿನ ಕಥೆ ಕೇಳಿ. ರಿಪೋರ್ಟು ಹಿಡಿದುಕೊಂಡು ಏಜೆಂಟರು ಆ ಪೆನ್ಸಿಲ್ ಗೆರೆಯ ಪುಟವನ್ನು ಪುನಃ ಓದಿದರು. ನಮ್ಮ ಪಾಲಿಸಿಯಲ್ಲಿ ಆ ಸಾಲಿನ ಕೊನೆಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಮಾತಿತ್ತು: ಗರ್ಭಕೋಶ ತೆಗೆಯುವುದಕ್ಕೆ ಎರಡು ವರ್ಷ, ಕ್ಯಾನ್ಸರಿನಿಂದಾದರೆ ಆ ಎರಡು ವರ್ಷ ಇಲ್ಲ. ಅಂದರೆ ನನಗೆ ಒಳ್ಳೆಯ ಸುದ್ದಿ ಬಂದಿದ್ದರೆ ದುಡ್ಡು ಹೋಗುತ್ತಿತ್ತು, ಕೆಟ್ಟ ಸುದ್ದಿ ಬಂದ ಕಾರಣ ದುಡ್ಡು ಬರುವುದು. ಕಾಗದ ಕಳಿಸಿದೆವು. 'ಲಕ್ಷಣಗಳು ಮೊದಲು ಕಂಡದ್ದು ಯಾವಾಗ?' ಎಂದು ಕಂಪೆನಿಯಿಂದ ಪ್ರಶ್ನೆ ಬಂತು. ಇವರು ನನ್ನನ್ನು ನೋಡಿದರು. ಫೆಬ್ರವರಿ ಎಂದೇ ಬರೆಯಿರಿ ಎಂದೆ. ವಿಮೆ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಬೇರೆ ತಡೆ ಉಂಟು, ಆದರೆ ಮಾಡಿಸಿದ ಮೇಲೆ ಶುರುವಾದದ್ದಕ್ಕೆ ಅದು ಅನ್ವಯಿಸುವುದಿಲ್ಲ; ನಾನು ಹೆದರಿಕೊಂಡಿದ್ದ 'ಮೊದಲೇ ಇತ್ತಲ್ಲ' ಎಂಬ ಮಾತು ನನ್ನ ಲೆಕ್ಕಕ್ಕೆ ಬರುವಂಥದ್ದೇ ಅಲ್ಲ. ಕೈಗವಸು, ಹತ್ತಿ, ಅದು ಇದು ಎಂದು ಕಳೆದು ಎರಡು ತಿಂಗಳ ನಂತರ 98,000 ಬಂತು. ಬಂದದ್ದು ದೊಡ್ಡ ಉಪಕಾರವೇ, ಇಲ್ಲ ಎನ್ನುವುದಿಲ್ಲ. ಕಂತನ್ನು ನಾವು ಈಗಲೂ ಕಟ್ಟುತ್ತೇವೆ.

ಇಂಗ್ಲೆಂಡಿನ ಹುಡುಗಿ ಫೋನು ಮಾಡಿ ಅತ್ತಳು. "ಚಿಕ್ಕಮ್ಮ, ಇಲ್ಲಿ ಐವತ್ತೈದು ದಾಟಿದವರಿಗೆ ಮುಟ್ಟು ನಿಂತ ಮೇಲೆ ರಕ್ತ ಕಂಡಿತು ಅಂದರೆ ಆ ದೊಡ್ಡ ಸರದಿಗೆ ಹಾಕುವುದೇ ಇಲ್ಲ, ತುರ್ತಿನ ಬೇರೆ ಪಟ್ಟಿಗೆ ಹಾಕ್ತಾರೆ. ಇಪ್ಪತ್ತೆಂಟು ದಿನದೊಳಗೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಬೇಕು ಅಂತ ಲೆಕ್ಕ. ವಿಮೆ ಉಂಟಾ ಅಂತ ಕೇಳುವುದಿಲ್ಲ." ನನಗೆ ಸುಳ್ಯದ ನರ್ಸಮ್ಮ ಪೆನ್ನು ಕೆಳಗಿಟ್ಟು ಎದ್ದದ್ದು ನೆನಪಾಯಿತು. ಅವರೂ ಕೇಳಿರಲಿಲ್ಲ.

ಇದನ್ನೆಲ್ಲ ತಂಗಿಗೆ ನಾನು ಪೂರ್ತಿ ಹೇಳಿದ್ದು ಕಳೆದ ದೀಪಾವಳಿಯ ಸಮಯಕ್ಕೆ. ಅವಳು ಕಡಬದಿಂದ ಫೋನು ಮಾಡಿದ್ದು ಹಾಲ್ಬಾಯಿಗೆ ಎಷ್ಟು ಬೆಲ್ಲ ಎಂದು ಕೇಳಲಿಕ್ಕೆ. ಹೇಳುತ್ತಾ ಹೇಳುತ್ತಾ ಆ ಕಡೆಯಿಂದ 'ಹೂಂ' ಎನ್ನುವುದು ನಿಂತಿತು. ಲೈನು ಹೋಯಿತೇನೋ ಎಂದುಕೊಂಡೆ.

"ಅಕ್ಕ," ಎಂದಳು ಕೊನೆಗೆ, "ನನಗೆ ಎಡದ ಬದಿಯಲ್ಲಿ ಒಂದು ಗಂಟು ಉಂಟು. ನೋವಿಲ್ಲ. ಯಶಸ್ವಿನಿಯಲ್ಲಿ ಯಾವ ಆಸ್ಪತ್ರೆಗೆ ಆಗ್ತದೆ, ಚೀಟಿ ಯಾರು ಕೊಡುವುದು ಅಂತ ಇವರು ಸೊಸೈಟಿಯಲ್ಲಿ ಕೇಳ್ತೇನೆ ಅಂದಿದ್ದಾರೆ. ಕೊಯ್ಲು ಮುಗಿಯಲಿ ಅಂತ..."

"ನಾಳೆ ಮೊದಲ ಬಸ್ಸಿಗೆ ಉಪ್ಪಿನಂಗಡಿ ದಾರಿಯಾಗಿ ಬಾ," ಎಂದೆ. "ಸೊಸೈಟಿ ಆ ಮೇಲೆ."

ಮರುದಿನ ಆರೂವರೆಗೆ ನಾನು ಕ್ಲಿನಿಕ್ಕಿನ ಅರ್ಧ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದೆ. ಹಿಂದೆ ಆರೇಳು ಜನ ಇದ್ದರು, ಗಂಡಸರೂ ಇದ್ದರು. ಬುಕ್ಕಿನ ಹುಡುಗಿ ತಂಗಿಯ ಹೆಸರು ಬರೆದು, ನೂಲಿನ ಪೆನ್ನು ಎತ್ತಿ ಹಿಡಿದು, "ಎಂತ ತೊಂದರೆ ಅಕ್ಕಾ?" ಎಂದು ಕೇಳಿದಳು.

ಹೇಳಿದೆ. ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದೆ.